ಹೊಳೆಗೆ ಮುಖ ಮಾಡಿದ ಚಪ್ಪಲಿ

"ಮುಟ್ಟಬ್ಯಾಡ ಕಣಪ್ಪಾ! ಆ ಚಪ್ಲೀನ ಮುಟ್ಟಬ್ಯಾಡ!"

ಪುಟ್ಟತಾಯಮ್ಮನ ಕೂಗಿಗೆ ಬಗ್ಗಿದ್ದ ಪೇದೆ ಹೌಹಾರಿ ನಿಂತ. ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ವರ್ಷಗಳು ಕಳೆದಿದ್ದರೂ ಪಾಂಡವಪುರದ ಈ ಮಾಜಿ ಎಎಸ್‌ಐ ಗಂಟಲಿಗೆ ಮಾತ್ರ ಯಾರೂ ನಿವೃತ್ತಿ ಕೊಟ್ಟಿರಲಿಲ್ಲ. ಗಂಜಾಂನ ನಿಮಿಷಾಂಬ ಗುಡಿಯಿಂದ ತುಸು ಕೆಳಗೆ, ಹೊಳೆಗಿಳಿಯುವ ಮೆಟ್ಟಿಲ ಮೇಲೆ, ಒಂದು ಜೊತೆ ಕಂದು ಚಪ್ಪಲಿ ಅಚ್ಚುಕಟ್ಟಾಗಿ ಕೂತಿತ್ತು. ಎರಡರ ತುದಿಯೂ ನೀರಿನ ಕಡೆಗಿತ್ತು.

ಚಪ್ಪಲಿ ಬೂಕನಕೆರೆಯ ಮಾಜಿ ಹವಾಲ್ದಾರ್ ಬೀರಯ್ಯನದು. ಮರೆವಿನ ತಪಾಸಣೆಗೆಂದು ಗಂಜಾಂನ 'ಯೋಧಸ್ಮೃತಿ' ಆರೈಕೆ ಕೇಂದ್ರಕ್ಕೆ ಸೇರಿಸಿದ ಗಂಡನನ್ನು ಮನೆಗೆ ಬಿಡುತ್ತಿಲ್ಲ ಎಂದು ಅವನ ಹೆಂಡತಿ ಪ್ರೇಮಮ್ಮ ಪುಟ್ಟತಾಯಮ್ಮನ ಬಾಗಿಲು ತಟ್ಟಿದ್ದು ನಿನ್ನೆ. ಬೀರಯ್ಯ ಅಲ್ಲಿಂದ ಕಾಣೆಯಾದದ್ದು ಇವತ್ತು ಬೆಳಿಗ್ಗೆ.

ಸಬ್ ಇನ್ಸ್‌ಪೆಕ್ಟರ್ ಸಂತೋಷ್ ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಂಡ.

"ತಾಯಮ್ಮೋರೆ, ಇದರಲ್ಲಿ ನೋಡೋದೇನಿದೆ? ಮರೆವಿನ ಮನುಷ್ಯ. ಗೇಟು ತೆಗೆದಿತ್ತು, ಬಂದರು, ಹೊಳೆಗೆ ಇಳಿದರು. ಮೇಲೆ ಡ್ಯಾಮಿಂದ ನೀರು ಬೇರೆ ಬಿಟ್ಟಿದ್ದಾರೆ. ಹರಿಗೋಲಿನವರೂ ಕೈಚೆಲ್ಲಿದ್ದಾರೆ. ಸಂಜೆವರೆಗೆ ನೋಡಿ ರಿಪೋರ್ಟ್ ಬರೆದುಬಿಡ್ತೀನಿ."

"ಮುಳುಗಿ ಸತ್ತ ಅಂತಲಾ?"

"ಮತ್ತೇನಂತ ಬರೀಲಿ?"

"ರಸ್ತೆ ಮೇಲೂ ವಸಿ ಹುಡುಕ್ಸಿ ಸಾಹೇಬ್ರೆ. ಮನುಷ್ಯ ಅಂದ್ಮೇಲೆ ನೀರಿಗೇ ಹೋಗಬೇಕು ಅಂತ ಏನಾದ್ರೂ ಕಾನೂನದಾ?"

ಸಂತೋಷ್ ನಕ್ಕ. ಒಳ್ಳೆಯ ಹುಡುಗ, ಆದರೆ ಬೇಗ ಮುಗಿಯುವ ಕೇಸೆಂದರೆ ಅವನಿಗೂ ಪ್ರೀತಿ. ಒಮ್ಮೆ ಆ ರಿಪೋರ್ಟು ಬಿತ್ತೋ, ಬೀರಯ್ಯ ಬದುಕಿದ್ದರೂ ಅವನನ್ನು ಹುಡುಕುವವರು ಈ ಭೂಮಿಯ ಮೇಲೆ ಒಬ್ಬರೂ ಇರುವುದಿಲ್ಲ. ಇದು ಪುಟ್ಟತಾಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅಂಥ ರಿಪೋರ್ಟುಗಳನ್ನು ಅವಳೂ ಕಂಡವಳೇ.

ಮೇಲಿನ ಮೆಟ್ಟಿಲಲ್ಲಿ ಪ್ರೇಮಮ್ಮ ಮೊಣಕಾಲಿಗೆ ಕೈ ಕಟ್ಟಿ ಕೂತಿದ್ದಳು. ಊರಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು ಅವಳ ಬೆನ್ನು ಸವರುತ್ತಾ, ಹಣೆಯ ಕುಂಕುಮದ ಕಡೆಗೇ ನೋಡುತ್ತಾ, ಏನೋ ಪಿಸುಗುಟ್ಟಿದಳು. ಪ್ರೇಮಮ್ಮ ಅವಳ ಕೈಯನ್ನು ಕೊಡವಿ ಎಸೆದಳು.

"ಹೆಣ ಕಾಣದೆ ನಾನು ಬಳೆ ಒಡೆಯಾಕಿಲ್ಲ! ನಮ್ಮೋರು ಎಲ್ಲೋ ಅವ್ರೆ. ಯಾವಳಾದ್ರೂ ನನ್ನ ಹಣೆ ಮುಟ್ಟಿದ್ರೆ ನೋಡಿ ಮತ್ತೆ!"

ನೆಂಟರಾಕೆ ಬಾಯಿ ಮುಚ್ಚಿಕೊಂಡು ಎರಡು ಮೆಟ್ಟಿಲು ಮೇಲಕ್ಕೆ ಹೋದಳು. ಪುಟ್ಟತಾಯಮ್ಮ ಆ ಜಾಗದಲ್ಲಿ ಕೂತಳು. ನಿನ್ನೆಯೇ ಹೋಗಿದ್ದರೆ ಬೀರಯ್ಯನನ್ನು ಕೈ ಹಿಡಿದು ಈಚೆಗೆ ಕರೆತರಬಹುದಿತ್ತಲ್ಲ ಎಂಬ ಸಂಕಟ ಬೆಳಗಿನಿಂದ ಅವಳನ್ನು ಬಿಟ್ಟಿರಲಿಲ್ಲ.

"ತಗೊಳಿ ಅಕ್ಕ, ಎಲೆ ಹಾಕಳಿ," ಎಂದು ಪ್ರೇಮಮ್ಮ ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದುಕೊಟ್ಟಳು. ಪುಟ್ಟತಾಯಮ್ಮ ಬಾಯಿಗಿಟ್ಟುಕೊಂಡಳು.

"ಪ್ರೇಮಕ್ಕ, ಚಪ್ಲಿ ಅವರದೇ ತಾನೆ?"

"ಅವರದೇ. ಆದ್ರೆ ಅಲ್ಲಿ ಬುಟ್ಟಿರೋದು ಅವರಲ್ಲ."

"ಎಂಗೆ ಹೇಳ್ತೀರ?"

"ನೋಡಿ ಅದರ ಮುಕ ಎತ್ತಗದೆ! ನಮ್ಮೋರು ಎಲ್ಲೇ ಚಪ್ಲಿ ಬುಟ್ರೂ ತಿರುಗ್ಸಿ, ಬಂದ ದಾರಿ ಕಡೀಕೆ ಮುಕ ಮಾಡಿ ಮಡಗ್ತಾರೆ. ಮಿಲಿಟ್ರಿ ಅಭ್ಯಾಸ. ಸೀಟಿ ಊದ್ತಿದ್ದಂಗೆ ಕಾಲಿಕ್ಕಿ ಓಡಬೇಕಂತಲ್ಲ, ಅದಕ್ಕೆ. ಮದುವೆ ಮನೆ ಆಗ್ಲಿ, ದೇವಸ್ಥಾನ ಆಗ್ಲಿ, ನಾನೆಷ್ಟು ಆಡ್ಕೊಂಡು ನಕ್ಕಿಲ್ಲ! ಮಗಳ ಹೆಸರು ಮರ್ತ್ರು. ಉಂಡಿದ್ದು ಮರ್ತ್ರು. ನನ್ನನ್ನೇ ಒಂದ್ಸಲ ಸಿಸ್ಟರ್ ಅಂದ್ಬುಟ್ರು. ಇದೊಂದ ಮರೀನಿಲ್ಲ ಅಕ್ಕ. ಅದು ತಲೇಲಿ ಇರೋದಲ್ಲ, ಕಾಲಲ್ಲಿ ಇರೋದು."

ಪುಟ್ಟತಾಯಮ್ಮ ಕೆಳಗೆ ನೋಡಿದಳು. ಚಪ್ಪಲಿಗಳ ತುದಿ ಹೊಳೆಯತ್ತಲೇ ಇತ್ತು. ನಮ್ಮ ನಿಮ್ಮಂಥವರು ನಡೆದು ಬಂದು ಕಳಚಿದ ಹಾಗೆ.

"ಪ್ರೇಮಕ್ಕ, ಇವತ್ತು ಅವರನ್ನ ಮೈಸೂರಿಗೆ ಕರ್ಕೊಂಡು ಹೋಗ್ತೀನಿ, ಅಲ್ಲಿ ಮಿಲಿಟ್ರಿಯೋರ ಡಾಕ್ಟ್ರು ಇನ್ನೊಂದ್ಸಲ ತಪಾಸಣೆ ಮಾಡ್ಲಿ ಅಂತ ನಿನ್ನೆ ನೀವು ಅಂದಿದ್ರಲ್ಲ. ಅದು ಕೇಂದ್ರದಲ್ಲಿ ಯಾರಿಗೆ ಗೊತ್ತಿತ್ತು?"

"ಕೇಂದ್ರ ನಡೆಸೋ ಆ ಸುಬೇದಾರ್ ರವೀಂದ್ರಂಗೆ ನಾನೇ ಹೇಳಿದ್ನಲ್ಲ. ಯಾಕಮ್ಮ ತೊಂದ್ರೆ ತಗೊಳ್ತೀರ ಅಂದ್ರು. ಅಕ್ಕ, ಇನ್ನೊಂದದೆ. ಓದ ವಾರ ನೋಡಕೆ ಹೋದಾಗ ನಮ್ಮೋರು ಒಂದೇ ಸಮ, ಕ್ಯಾಪೆಲ್ಲಿ, ಕ್ಯಾಪೆಲ್ಲಿ ಅಂತಿದ್ರು. ಪಾಪ ಅಂತ ಪೆಟ್ಟಿಗೇಲಿದ್ದ ಅವರ ಹಳೇ ಕ್ಯಾಪ್ ತಗೊಂಡೋಗಿ ಕೊಟ್ಟೆ. ಬಿಸಾಕಿ, ನಂದಲ್ಲ ಕಣೆ, ಅವಂದು ಅಂದ್ರು. ಯಾವನದು ಅಂದ್ರೆ ಹೇಳಕ್ಕೆ ಬರ್ಲಿಲ್ಲ. ಅತ್ತುಬುಟ್ರು."

ಪ್ರೇಮಮ್ಮನ ಕಣ್ಣೂ ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು, ಸೊಂಟದ ಚೀಲ ಬಿಚ್ಚಿದಳು.

"ತಗೊಳಿ ಅಕ್ಕ, ಎಲೆ ಹಾಕಳಿ. ಬಂದಾಗಿಂದ ನಾನು ಕೇಳಲೇ ಇಲ್ಲ."

ಬಾಯಲ್ಲಿನ ಎಲೆ ಇನ್ನೂ ಕರಗಿರಲಿಲ್ಲ. ಪಾಪ, ದುಃಖದಲ್ಲಿ ಯಾರಿಗೆ ತಾನೆ ಗ್ಯಾನ ನೆಟ್ಟಗಿರುತ್ತದೆ ಎಂದುಕೊಂಡು ಪುಟ್ಟತಾಯಮ್ಮ ಅದನ್ನೂ ಇಸಿದುಕೊಂಡು ಮಡಿಲಿಗೆ ಸಿಕ್ಕಿಸಿ ಎದ್ದಳು.

"ಸಾಹೇಬ್ರೆ, ಸಂಜೆವರೆಗೂ ನಿಮ್ಮ ಪೆನ್ನಿನ ಮುಚ್ಚಳ ತೆಗೀಬ್ಯಾಡಿ. ಆ ಕೇಂದ್ರಕ್ಕೊಂದು ಸಲ ಹೋಗಿ ಬತ್ತೀನಿ."

* * *

ಯೋಧಸ್ಮೃತಿ ಕೇಂದ್ರ ಹೊಳೆಯಿಂದ ಕೂಗಳತೆಯಲ್ಲಿತ್ತು. ಎತ್ತರದ ಕಾಂಪೌಂಡು, ಹಸಿರು ಬಳಿದ ಕಬ್ಬಿಣದ ಗೇಟು, ಒಳಗೆ ಧ್ವಜದ ಕಂಬ, ಸುತ್ತ ಸುಣ್ಣ ಹೊಡೆದ ಕಲ್ಲು. ಮರೆವು ಬಂದ ಮಾಜಿ ಸೈನಿಕರನ್ನು ತಪಾಸಣೆ ಮಾಡಿ ನೋಡಿಕೊಳ್ಳುವ ಖಾಸಗಿ ಜಾಗ. ಕೆ.ಆರ್.ಪೇಟೆ, ನಾಗಮಂಗಲದ ಕಡೆ ಶಿಬಿರ ನಡೆಸಿ, ತಮ್ಮದೇ ಗಾಡಿಯಲ್ಲಿ ಕರೆತರುತ್ತಿದ್ದರು. ನಡೆಸುವವನೂ ಮಿಲಿಟರಿಯವನೇ ಎಂದು ಮನೆಯವರು ಕಣ್ಣು ಮುಚ್ಚಿ ನಂಬಿ ಕಳಿಸುತ್ತಿದ್ದರು.

ಬಾಗಿಲ ಎಡಕ್ಕೆ, ನೀರಿನ ಗುಡಾಣದ ಪಕ್ಕ ಪುಟ್ಟತಾಯಮ್ಮ ಚಪ್ಪಲಿ ಬಿಟ್ಟಳು. ಬಿಟ್ಟವಳು ಬೀರಯ್ಯನನ್ನು ನೆನೆದು, ಬಗ್ಗಿ ಎರಡನ್ನೂ ಗೇಟಿನ ಕಡೆಗೆ ತಿರುಗಿಸಿಟ್ಟಳು. ತನ್ನ ಆಟಕ್ಕೆ ತನಗೇ ನಗು ಬಂತು.

ಜಗಲಿಯ ಕುರ್ಚಿಯಲ್ಲಿ ಬರಿತಲೆಯ ಮುದುಕನೊಬ್ಬ ಕೂತಿದ್ದ. "ಪೊಲೀಸ್ ಮೇಡಂ ಬಂದವ್ರೆ ಚಿಕ್ಕಮಾದಯ್ಯ," ಎಂದು ಆಯಾ ಹೇಳಿದ್ದೇ ತಡ, ಮುದುಕ ಸೆಟೆದು ಎದ್ದು ನಿಂತ. ಎರಡು ಮುಷ್ಟಿಯೂ ತೊಡೆಗೆ ಅಂಟಿದವು. ಕೈ ಎತ್ತಲಿಲ್ಲ, ನೋಟ ಕದಲಿಸಲಿಲ್ಲ.

"ಕೂತ್ಕಳಣ್ಣ. ಬೀರಯ್ಯ ಎಲ್ಲಿ ಹೋದ, ನೀನೇನಾದ್ರೂ ಕಂಡ್ಯಾ?"

"ಪೋಸ್ಟಿಂಗ್ ಆಯ್ತು ಅವಂಗೆ. ನಾಗಮಂಗಲ. ಬೆಳಿಗ್ಗೆ ಗಾಡಿ ಬಂತು, ಹಾಸಿಗೆ ಬಿಸ್ತ್ರ ಕಟ್ಕೊಂಡು ಹತ್ತುದ."

ಪುಟ್ಟತಾಯಮ್ಮನ ಕಿವಿ ನೆಟ್ಟಗಾಯಿತು. "ಇದು ಯಾವೂರಣ್ಣ?"

"ಲೇಹ್. ಸ್ವೆಟರ್ ಹಾಕ್ಕೊಳವ್ವ, ಶೀತ ಆಯ್ತದೆ."

ಹೊರಗೆ ನೆತ್ತಿ ಸುಡುವ ಬಿಸಿಲು. ನೆಟ್ಟಗಾದ ಕಿವಿ ಮತ್ತೆ ಜೋತುಬಿತ್ತು. ಆಗಲಣ್ಣ ಎಂದು ಅವನ ಭುಜ ತಟ್ಟಿ ಒಳಗೆ ನಡೆದಳು.

ರವೀಂದ್ರ ಮೇಜಿನ ಹಿಂದಿನಿಂದ ಚಟಕ್ಕನೆ ಎದ್ದ. ಬರಿತಲೆ, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ತಿರುಚಿದ ಮೀಸೆ, ಇಸ್ತ್ರಿಯ ಗೆರೆ ಮುರಿಯದ ಅಂಗಿ. ಹಿಂದಿನ ಗೋಡೆಯಲ್ಲಿ ಸೈನಿಕರ ಗುಂಪಿನ ದೊಡ್ಡ ಫೋಟೋ. ಹಿಮ್ಮಡಿ ಕೂಡಿಸಿ, ಬಲಗೈಯನ್ನು ಹುಬ್ಬಿಗೇರಿಸಿ, "ಜೈ ಹಿಂದ್ ಮೇಡಂ!" ಎಂದು ಗೋಡೆ ನಡುಗುವಂಥ ಸೆಲ್ಯೂಟ್ ಹೊಡೆದ.

ನಿವೃತ್ತಿಯಾದ ಮೇಲೆ ಅವಳಿಗೆ ಸೆಲ್ಯೂಟ್ ಹೊಡೆದವರು ಯಾರಿದ್ದರು? ಸುಳ್ಳು ಯಾಕೆ ಹೇಳಬೇಕು, ಒಳಗೊಳಗೇ ಹಿತವಾಯಿತು.

"ಬೀರಯ್ಯನವರ ವಿಷಯ ಕೇಳಿ ನನಗೆ ಊಟಾನೇ ಸೇರ್ತಿಲ್ಲ," ಎಂದ ರವೀಂದ್ರ. "ನಮ್ಮ ತಪ್ಪೂ ಇದೆ. ಹಾಲಿನವನು ಬಂದಾಗ ಗೇಟು ತೆಗೆದದ್ದು ಹಾಗೇ ಉಳಿದುಬಿಡ್ತು."

"ಹಾಲಿನವನು ಅವರನ್ನ ಕಾಣಲಿಲ್ವಾ?"

"ಕಂಡಿದ್ರೆ ಬಿಡ್ತಿದ್ನಾ ಮೇಡಂ?"

"ಇಲ್ಲಿಂದ ಹೊಳೆವರೆಗೂ ಅಷ್ಟೊಂದು ಅಂಗಡಿ. ಹೂವಿನೋರು, ಕಾಯಿನೋರು. ಬೆಳಿಗ್ಗೆ ಬೆಳಿಗ್ಗೆ ಒಬ್ಬರೂ ಕಾಣಲಿಲ್ವಾ?"

ರವೀಂದ್ರ ನಿಟ್ಟುಸಿರು ಬಿಟ್ಟ. "ಮರೆವು ಬಂದವರ ಹಾದಿ ನಮಗೆ ನಿಮಗೆ ತಿಳಿಯಲ್ಲ. ಒಂದು ಸಣ್ಣ ಪರೀಕ್ಷೆ ತೋರಿಸ್ತೀನಿ, ಆಗ ಗೊತ್ತಾಗುತ್ತೆ. ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಕಬ್ಬು. ಕನ್ನಡಿ. ಬೀಗ. ಆಮೇಲೆ ಕೇಳ್ತೀನಿ."

"ನಾನು ಪರೀಕ್ಷೆ ಬರೆಯಕೆ ಬಂದಿಲ್ಲ ಕಣಪ್ಪ."

"ಸುಮ್ನೆ ಮೇಡಂ. ತಮಾಷೆಗೆ."

ಪುಟ್ಟತಾಯಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ಇವತ್ತು ಬೀರಯ್ಯನ್ನ ಮೈಸೂರಿಗೆ ಕರ್ಕೊಂಡು ಹೋಗೋದಿತ್ತು. ಇವತ್ತೇ ಕಾಣೆ. ವಿಚಿತ್ರ ಅನ್ನಿಸ್ಲಿಲ್ವಾ ನಿಮಗೆ?"

"ದುರದೃಷ್ಟ ಅನ್ನಿಸ್ತು."

"ಅಲ್ಲಿ ಮಿಲಿಟ್ರಿ ಡಾಕ್ಟ್ರ ಮುಂದೆ ಅವನು ಏನಾದ್ರೂ ಬಾಯಿ ಬಿಡ್ತಾನೆ ಅಂತ ಯಾರಿಗಾದ್ರೂ ಭಯ ಇತ್ತಾ?"

"ತಾನು ಯಾರು ಅಂತಲೇ ಗೊತ್ತಿಲ್ಲದವನು ಬಾಯಿ ಬಿಟ್ಟು ಹೇಳೋದೇನು?" ರವೀಂದ್ರನ ದನಿ ಏರಲಿಲ್ಲ. ಆದರೆ ಮೀಸೆಯ ಮೇಲೆ ಆಡುತ್ತಿದ್ದ ಬೆರಳು ನಿಂತಿತು.

ಇಲ್ಲೇ ಏಟು ಹಾಕಬೇಕೆಂದು ಅವಳಿಗೆ ಅನ್ನಿಸಿತು.

"ಹೊಳೆ ಮೆಟ್ಟಿಲ ಮೇಲೆ ಚಪ್ಲಿ ಬುಟ್ಟೋನು ಬೀರಯ್ಯ ಅಲ್ಲ ಸುಬೇದಾರ್ರೆ. ಅವನಾಗಿದ್ರೆ ತಿರುಗ್ಸಿ ಮಡಗ್ತಿದ್ದ. ಸೀಟಿಗೆ ಎದ್ದು ಓಡೋ ಸೈನಿಕನ ಅಭ್ಯಾಸ. ಇದನ್ನ ಬೇರೆ ಯಾರೋ ತಂದು ಮಡಗವ್ರೆ. ಹಂಗೆ ಮಡಗ್ದೋನಿಗೆ ಮಿಲಿಟ್ರಿ ಅಭ್ಯಾಸ ಗೊತ್ತಿರ್ಲಿಲ್ಲ."

ರವೀಂದ್ರ ಅವಳನ್ನೇ ನೋಡಿದ. ಆಮೇಲೆ, ಯಾಕೋ, ಕನಿಕರ ಪಡುವವನಂತೆ ನಕ್ಕ.

"ಈ ಅಭ್ಯಾಸದ ಮಾತು ಯಾರು ಹೇಳಿದ್ದು?"

"ಅವನ ಹೆಂಡ್ತಿ."

"ಅವರೊಬ್ಬರೇನಾ?"

"ಅವರೊಬ್ಬರು ಸಾಲದಾ? ಒಟ್ಟಿಗೆ ಸಂಸಾರ ಮಾಡ್ದೋರಲ್ವಾ?"

ರವೀಂದ್ರ ಡ್ರಾಯರಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟ. ಪೆನ್ಸಿಲಿನಲ್ಲಿ ಬರೆದ ಗಡಿಯಾರ. ವೃತ್ತ ಹೇಗೋ ಕೂಡಿಕೊಂಡಿತ್ತು. ಆದರೆ ಒಂದರಿಂದ ಹನ್ನೆರಡರವರೆಗಿನ ಅಂಕಿಗಳೆಲ್ಲ ಬಲಗಡೆಯೇ ಒಂದರ ಮೇಲೊಂದು ಬಿದ್ದಿದ್ದವು. ಎಡಭಾಗವೆಲ್ಲ ಖಾಲಿ. ಮುಳ್ಳುಗಳೇ ಇರಲಿಲ್ಲ.

"ಬೀರಯ್ಯ ಬರೆದದ್ದಾ?"

"ಅಲ್ಲ ಮೇಡಂ. ಪ್ರೇಮಮ್ಮನವರು. ಕೆ.ಆರ್.ಪೇಟೆ ಶಿಬಿರದಲ್ಲಿ ಗಂಡನ ಜೊತೆ ಅವರನ್ನೂ ಡಾಕ್ಟ್ರು ತಪಾಸಣೆ ಮಾಡಿದ್ರು. ಗಂಡನಿಗಿಂತ ಅವರದೇ ಜಾಸ್ತಿ. ಇನ್ನೂ ಮಾತು ಸರಾಗವಾಗಿದೆ, ಅದಕ್ಕೆ ಯಾರಿಗೂ ಗೊತ್ತಾಗಲ್ಲ. ನೆನಪಿಲ್ಲದ ಜಾಗಕ್ಕೆ ಅವರೇ ಒಂದು ಕತೆ ಹೊಲಿದು ತೇಪೆ ಹಾಕ್ತಾರೆ. ಸುಳ್ಳು ಹೇಳ್ತಾರೆ ಅಂತಲ್ಲ. ನಿಜ ಅಂತಲೇ ನಂಬಿರ್ತಾರೆ."

ಪುಟ್ಟತಾಯಮ್ಮನ ಕೈ ಮಡಿಲಿಗೆ ಹೋಯಿತು. ತಗೊಳಿ ಅಕ್ಕ, ಎಲೆ ಹಾಕಳಿ. ಬಂದಾಗಿಂದ ನಾನು ಕೇಳಲೇ ಇಲ್ಲ. ಮಡಿಲಲ್ಲಿ ಆ ಎರಡನೆಯ ಎಲೆ ಇನ್ನೂ ಹಾಗೇ ಇತ್ತು.

ಚಪ್ಪಲಿಯ ಮಾತು, ಕ್ಯಾಪಿನ ಮಾತು, ಮೈಸೂರಿನ ಮಾತು, ಎಲ್ಲವೂ ಆ ಒಂದು ಹೆಂಗಸಿನ ನೆನಪಿನ ಮೇಲೆ ನಿಂತಿತ್ತಲ್ಲ! ಇದನ್ನು ಹೊತ್ತುಕೊಂಡು ಹೋದರೆ ಸಂತೋಷ್ ನಗದೆ ಇನ್ನೇನು ಮಾಡುತ್ತಾನೆ? ಸಂಜೆ ರಿಪೋರ್ಟು ಬೀಳುತ್ತದೆ. ಆ ನೆಂಟರಾಕೆ ಮತ್ತೆ ಮೆಟ್ಟಿಲಿಳಿದು ಬರುತ್ತಾಳೆ. ಪ್ರೇಮಮ್ಮನ ಬಳೆಗಳು ಇವತ್ತೇ ಒಡೆಯುತ್ತವೆ.

"ಹೇಳಿ ಮೇಡಂ," ಎಂದ ರವೀಂದ್ರ ಮೆಲ್ಲಗೆ. "ನಾನು ಹೇಳಿದ ಮೂರು ಪದ?"

"ಕಬ್ಬು," ಎಂದಳು. "ಕನ್ನಡಿ..."

ಮೂರನೆಯದು ಬರಲಿಲ್ಲ. ನಾಲಿಗೆಯ ತುದಿಯಲ್ಲೇ ಇತ್ತು, ಬರಲಿಲ್ಲ. ಊರಿನ ಕಳ್ಳರ ಮೂರು ತಲೆಮಾರು ಬಾಯಿಪಾಠವಿದ್ದ ತಲೆಯಲ್ಲಿ ಇಷ್ಟುದ್ದದ ಒಂದು ಪದ ನಿಲ್ಲಲಿಲ್ಲ. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

"ವಯಸ್ಸು ಮೇಡಂ. ಬೇಜಾರು ಮಾಡ್ಕೋಬೇಡಿ. ಒಂದಿನ ಬನ್ನಿ, ನಿಮಗೂ ಪೂರ್ತಿ ತಪಾಸಣೆ ಮಾಡಿಸೋಣ."

ಅವಳು ಎದ್ದಳು. ರವೀಂದ್ರ ಜಗಲಿಯವರೆಗೂ ಜೊತೆಗೆ ಬಂದ. ಅತಿಥಿಯನ್ನು ಕಳಿಸಿಕೊಡುವ ಗತ್ತಿನಲ್ಲಿ ಹಿಮ್ಮಡಿ ಕೂಡಿಸಿ, ಕೈಯನ್ನು ಹುಬ್ಬಿಗೇರಿಸಿದ.

"ಜೈ ಹಿಂದ್ ಮೇಡಂ!"

"ಲೇ! ಕ್ಯಾಪೆಲ್ಲಲಾ ನಿಂದು?"

ಕೂಗಿದವನು ಚಿಕ್ಕಮಾದಯ್ಯ. ಕುರ್ಚಿಯ ಕೈಗಳನ್ನು ಹಿಡಿದು ಅರ್ಧ ಎದ್ದಿದ್ದ. ಕಣ್ಣು ಕೆಂಡವಾಗಿತ್ತು. ಬೆರಳು ನೇರ ರವೀಂದ್ರನ ಬರಿತಲೆಗೆ ಗುರಿಯಿಟ್ಟಿತ್ತು.

"ದಿನಾ ಇದೇ ಗೋಳು," ಎಂದು ಆಯಾ ಗೊಣಗಿದಳು. "ಬೀರಯ್ಯನೂ ಇಂಗೇ ಅಂತಿದ್ರು. ಸಾಹೇಬ್ರು ಕಂಡ್ರೆ ಸಾಕು, ಕ್ಯಾಪು ಕ್ಯಾಪು."

ಪುಟ್ಟತಾಯಮ್ಮ ನಿಂತಲ್ಲೇ ನಿಂತಳು.

ಪೊಲೀಸ್ ತರಬೇತಿಯ ಮೊದಲ ವಾರವೇ ಕಲಿಸುತ್ತಾರೆ. ತಲೆಯ ಮೇಲೆ ಕ್ಯಾಪ್ ಇಲ್ಲದಿದ್ದರೆ ಸೆಲ್ಯೂಟ್ ಇಲ್ಲ. ಕೈ ಎತ್ತದೆ ಸೆಟೆದು 'ಸಾವಧಾನ್' ಭಂಗಿಯಲ್ಲಿ ನಿಂತರೆ ಮುಗಿಯಿತು. ಸಮವಸ್ತ್ರ ತೊಟ್ಟವರು ಯಾರೇ ಆಗಲಿ, ಮಿಲಿಟರಿಯವರಂತೂ ಈ ವಿಷಯದಲ್ಲಿ ಪೊಲೀಸರಿಗಿಂತ ಒಂದು ಕೈ ಮೇಲು. ಬರಿತಲೆಯ ಚಿಕ್ಕಮಾದಯ್ಯ ಅವಳನ್ನು ಕಂಡಾಗ ಮುಷ್ಟಿ ಬಿಗಿದು ನಿಂತನೇ ಹೊರತು ಕೈ ಎತ್ತಲಿಲ್ಲ. ಊರು ಮರೆತಿದ್ದ, ಕಾಲ ಮರೆತಿದ್ದ, ಇದನ್ನು ಮರೆತಿರಲಿಲ್ಲ. ಬರಿತಲೆಯಲ್ಲಿ ಸೆಲ್ಯೂಟ್ ಹೊಡೆಯುವುದು ಸಿನಿಮಾ ನೋಡಿ ಕಲಿತವನು ಮಾತ್ರ.

ನಂದಲ್ಲ ಕಣೆ, ಅವಂದು. ಬೀರಯ್ಯ ಕೇಳಿದ್ದು ಇವನ ಕ್ಯಾಪನ್ನು! ಇವನು ಸುಬೇದಾರನಲ್ಲ ಎಂದು ಆ ಮರೆವಿನ ಮನುಷ್ಯ ತನಗೆ ಬಂದ ಮಾತಿನಲ್ಲಿ ಬಡಿದುಕೊಂಡು ಹೇಳುತ್ತಿದ್ದ. ಯಾರಿಗೂ ತಿಳಿಯಲಿಲ್ಲ. ಒಂದು ಸೆಲ್ಯೂಟಿಗೆ ಹಿಗ್ಗಿದ ತನಗೂ ತಿಳಿಯಲಿಲ್ಲವಲ್ಲ, ಥೂ!

ಮೈಸೂರಿನ ಮಿಲಿಟರಿ ಡಾಕ್ಟರ ಮುಂದೆ ಬೀರಯ್ಯ ಇದೇ ಮಾತು ಆಡಿದ್ದರೆ, ಇವನು ನಕಲಿ ಎಂದು ಅವರಿಗೆ ತಕ್ಷಣ ತಿಳಿಯುತ್ತಿತ್ತು. ಅದಕ್ಕೇ ಇವತ್ತೇ ಅವನನ್ನು ಕಾಣೆ ಮಾಡಿದ್ದು. ಪ್ರೇಮಮ್ಮನ ಗಡಿಯಾರಕ್ಕೆ ಮುಳ್ಳಿರದಿದ್ದರೆ ಇರದೇ ಹೋಗಲಿ. ಅವಳು ಹೇಳಿದ ಕ್ಯಾಪಿನ ಮಾತು ನಿಜ. ಹಾಗಾದರೆ ಚಪ್ಪಲಿಯ ಮಾತೂ ನಿಜವೇ ಇರಬೇಕು. ಮತ್ತೆ ಈ ಚಿಕ್ಕಮಾದಯ್ಯ ಬೆಳಿಗ್ಗೆ ಕಂಡ ಗಾಡಿ?

ಅವಳು ಮುದುಕನ ಪಕ್ಕ ಬಗ್ಗಿ, ಉಸಿರಿನಷ್ಟು ಮೆಲ್ಲಗೆ ಕೇಳಿದಳು. "ಅಣ್ಣ, ಬೀರಯ್ಯ ಗಾಡಿ ಹತ್ತಿದಾಗ ಕಾಲಲ್ಲಿ ಏನಿತ್ತು?"

"ಬರಿಗಾಲು ಕಣವ್ವ. ಚಪ್ಲಿ ಇವನ ಕೈಲಿತ್ತು." ಚಿಕ್ಕಮಾದಯ್ಯ ಗದ್ದವನ್ನು ರವೀಂದ್ರನ ಕಡೆಗೆ ಎತ್ತಿದ. "ಶೀತದಲ್ಲಿ ಬರಿಗಾಲಲ್ಲಿ ಕಳಿಸಿದ, ನನ್ಮಗ."

ಬದುಕಿದ್ದಾನೆ! ಬೀರಯ್ಯ ನಾಗಮಂಗಲದ ಕಡೆ ಎಲ್ಲೋ ಬದುಕಿದ್ದಾನೆ. ಇಲ್ಲಿಂದ ಮೆಟ್ಟಿಲವರೆಗೆ ಓಡಿದರೂ ಸಾಕು, ಸಂತೋಷನ ಕೈಯಿಂದ ಪೆನ್ನು ಕಸಿದುಕೊಳ್ಳಬಹುದು. ಮುಖದಲ್ಲಿ ಏನನ್ನೂ ತೋರಗೊಡದೆ ಅವಳು ಗುಡಾಣದ ಕಡೆ ತಿರುಗಿದಳು.

ಗುಡಾಣದ ಪಕ್ಕ ಚಪ್ಪಲಿ ಇರಲಿಲ್ಲ.

ಆಚೆ ಈಚೆ ನೋಡಿದಳು. ಇಲ್ಲೇ ಬಿಟ್ಟದ್ದು. ಬಗ್ಗಿ, ತಿರುಗಿಸಿ ಇಟ್ಟದ್ದು. ನಕ್ಕದ್ದು ಕೂಡ ಚೆನ್ನಾಗಿ ನೆನಪಿದೆ. ಅಲ್ಲಿ ಈಗ ಗುಡಾಣದಿಂದ ತೊಟ್ಟಿಕ್ಕಿದ ನೀರಿನ ಒದ್ದೆ ಬಿಟ್ಟರೆ ಏನೂ ಇಲ್ಲ. ಆಯಾ ಆಗಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

"ಏನು ಹುಡುಕ್ತಿದ್ದೀರ ಮೇಡಂ?" ಹಿಂದಿನಿಂದ ರವೀಂದ್ರನ ದನಿ ಬಂತು, ಅದೇ ಕನಿಕರದ ದನಿ. "ಚಪ್ಪಲೀನಾ? ಎಲ್ಲಿ ಬಿಟ್ರಿ, ನೆನಪಿದೆಯಾ?"

ಎದುರಿಗೆ ಹಸಿರು ಗೇಟು ಮುಚ್ಚಿತ್ತು. ಬಂದಾಗ ತೆಗೆದೇ ಇದ್ದ ಅದರ ಚಿಲಕಕ್ಕೆ ಈಗ ಹಿತ್ತಾಳೆಯದೊಂದು ನೇತಾಡುತ್ತಿತ್ತು. ಅದನ್ನು ನೋಡುತ್ತಿದ್ದಂತೆ ಪುಟ್ಟತಾಯಮ್ಮನಿಗೆ ಮೂರನೆಯ ಪದ ನೆನಪಾಯಿತು.

ಬೀಗ.